ಬಾಗಿಲಲ್ಲಿದ್ದ ಚಪ್ಪಲಿ

“ಇಡು ಅದನ್ನ ಇಲ್ಲೇ!” ಸ್ಕೂಟರ್ ಹತ್ತಿ ಕೂತಿದ್ದ ತಂಗಿಯ ಮಗಳ ಕೈಯಿಂದ ಸೋದರಮಾವ ಮೊಬೈಲ್ ಕಿತ್ತು ಜಗಲಿಯ ಮೇಲೆ ಕುಕ್ಕಿದ. ರಜೆಗೆಂದು ಅವಳನ್ನು ತನ್ನ ಮನೆಗೆ ಕರೆದೊಯ್ಯಲು ಬಂದಿದ್ದ ಗಾರೆ ಮೇಸ್ತ್ರಿ ಅವನು. ಕೈಗಿಂತ ಬಾಯಿಯ ಕೆಲಸವೇ ಜಾಸ್ತಿ. “ನಾವು ಬೆಳಗ್ಗೆ ಬೀದಿಗೆ ಬಿದ್ರೆ ಕತ್ತಲಾದ್ಮೇಲೇ ಮನೆ. ಎಲ್ಲಿದ್ದೀಯಾ ಅಂತ ಒಂದು ನರಪಿಳ್ಳೆ ಕೇಳ್ತಿರಲಿಲ್ಲ. ಸತ್ತೋದ್ವಾ? ಕೇಳು ನಿಮ್ಮಮ್ಮನ್ನ!”

“ಕೇಳೋದೇನು, ನಾನೇ ಹೇಳ್ತೀನಿ” ಎಂದಳು ತಂಗಿ, ಅಣ್ಣನ ಮುಖವನ್ನೇ ದುರುಗುಟ್ಟಿ ನೋಡುತ್ತ. “ನಿಮ್ಮಜ್ಜಿ ಯಾರನ್ನೂ ಹುಡುಕ್ತಿರಲಿಲ್ಲ ಪುಟ್ಟಿ. ಬಾಗಿಲಲ್ಲಿ ಚಪ್ಪಲಿ ಇದ್ರೆ ಮಕ್ಕಳು ಒಳಗಿದ್ದಾರೆ ಅಂತ ಅಗುಳಿ ಹಾಕ್ತಿದ್ಲು. ಒಂದಿನ ಈ ಮಹಾಶಯ ಚೆಂಡು ತೆಗಿ ಅಂತ ನನ್ನನ್ನ ಊರಾಚೆ ತೋಟದ ನೀರಿಲ್ಲದ ತೊಟ್ಟಿಗೆ ಇಳಿಸಿದ. ಮೇಲೆ ಎಳ್ಕೊಳ್ಳೋಕೆ ಇವನ ಕೈಲಿ ಆಗಲಿಲ್ಲ. ಹೇಳಿದ್ರೆ ಒದೆ ಬೀಳುತ್ತೆ ಅಂತ ನನ್ನ ಚಪ್ಪಲಿ ಎತ್ಕೊಂಡ್ಹೋಗಿ ಬಾಗಿಲಲ್ಲಿ ಬಿಟ್ಟ. ರಾತ್ರಿಯೆಲ್ಲ ಕೂಗಿದ್ದೀನಿ. ಬೆಳಗ್ಗೆ ತೋಟದ ಕಾವಲಿನವನು ಮೇಲೆತ್ತಿದ.”

“ಅಯ್ಯೋ, ಹಳೇ ಪುರಾಣ! ಅದ್ರಿಂದಾನೇ ನೀನು ಗಟ್ಟಿ ಆಗಿದ್ದು” ಎಂದು ಮೇಸ್ತ್ರಿ ಜೋರಾಗಿ ನಕ್ಕ. ನಗಲಿಕ್ಕೆ ಜೊತೆ ಯಾರೂ ಸಿಗಲಿಲ್ಲ. ಹೆಲ್ಮೆಟ್ ಹಾಕಿಕೊಂಡು ಸ್ಕೂಟರ್ ಒದ್ದ. ಅದು ಶುರುವಾಯಿತು.

“ಮಾವ, ಆ ರಾತ್ರಿ ನಿಂಗೆ ನಿದ್ದೆ ಬಂತಾ?” ಎಂದಳು ಹುಡುಗಿ ಹಿಂದಿನಿಂದ.

“ಬರದೇ ಏನು? ದಿನವೆಲ್ಲ ಆಡಿ ಸುಸ್ತಾಗಿತ್ತು.”

ಹುಡುಗಿ ಇಳಿದು ಅಮ್ಮನ ಪಕ್ಕ ಹೋಗಿ ನಿಂತಳು.