ಶನಿವಾರದ ಕಾರು

ಬರ್ಮಿಂಗ್‌ಹ್ಯಾಮಿನ ಹುಡುಗ ಹುಡುಗಿಯರ ನಿಜವಾದ ಬದುಕಿನ ಬಗ್ಗೆ ತೆಗೆಯುವ ಇಂಗ್ಲಿಷ್ ಸಿನಿಮಾಕ್ಕೆ ಹದಿನೆಂಟರ ಇಂಚರ ನಾಯಕಿಯಾದಳು. ಅಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

“ಅಷ್ಟು ಜನರಲ್ಲಿ ನಿನ್ನನ್ನೇ ಯಾಕೆ ಆರಿಸಿದ್ರೇ?”

“ಮನೇಲಿ ಹೇಗಿರ್ತೀರಿ ಅಂತ ಕೇಳಿದ್ರು. ಹೇಳ್ದೆ. ಇಷ್ಟ ಆಯ್ತಂತೆ.”

“ನಮ್ಮನೇಲಿ ಅಂಥದ್ದೇನಿದೆ ಮಾರಾಯ್ತಿ!” ಎಂದು ಅಪ್ಪ ನಕ್ಕ.

ಆರು ತಿಂಗಳು ಪ್ರತಿ ಶನಿವಾರ ಅವನೇ ಅವಳನ್ನು ಚಿತ್ರೀಕರಣಕ್ಕೆ ಕರೆದೊಯ್ದ. “ಒಳಗೆ ಬರ್ಬೇಡಪ್ಪಾ, ನೀನಿದ್ರೆ ನಂಗೆ ನಾಚ್ಕೆ ಆಗತ್ತೆ” ಎಂದಿದ್ದಳು. ಅದಕ್ಕೇ ಚಳಿಯಲ್ಲಿ ಕಾರಿನಲ್ಲೇ ಕೂತು ಡಬ್ಬಿಯ ಅವಲಕ್ಕಿ ತಿನ್ನುತ್ತ ಸಂಜೆಯವರೆಗೆ ಕಾಯುತ್ತಿದ್ದ.

ಮೊದಲ ಪ್ರದರ್ಶನಕ್ಕೆ ಊರಿನ ಕನ್ನಡ ಬಳಗವನ್ನೆಲ್ಲ ಕರೆದ. ಪರದೆಯ ಮೇಲೆ ಇಂಚರಳ ಅಪ್ಪನಾಗಿದ್ದ ನಟ ಅವಳ ಪುಸ್ತಕಗಳನ್ನು ಸುಟ್ಟ, ಕೂದಲು ಹಿಡಿದೆಳೆದು ಕೋಣೆಯಲ್ಲಿ ಕೂಡಿಹಾಕಿದ. ಬಳಗದವರು ಒಬ್ಬೊಬ್ಬರಾಗಿ ಇವನತ್ತ ತಿರುಗಿ ನೋಡತೊಡಗಿದರು.

“ಅಯ್ಯೋ, ಅದು ಸಿನಿಮಾ ಕಣ್ರೀ. ಬರೆದೋರಿಗೆ ಬುದ್ಧಿ ಇಲ್ಲ ಅಷ್ಟೇ,” ಎಂದು ಎಲ್ಲರಿಗೂ ಹೇಳಿದ. ಸಿನಿಮಾ ಮುಗಿದದ್ದೇ ತಡ, ಇಂಥ ಅಪ್ಪ ನಿಮಗೆಲ್ಲಿ ಸಿಕ್ಕ ಎಂದು ಕೇಳಿಯೇಬಿಡಲು ನಿರ್ದೇಶಕಿಯ ಕಡೆ ಹೊರಟ.

ಇಂಚರ ಓಡಿಬಂದು ತೋಳು ಹಿಡಿದಳು. “ಬೇಡಪ್ಪಾ. ಮನೆಗೆ ಹೋಗೋಣ.”

ಅಷ್ಟರಲ್ಲಿ ನಿರ್ದೇಶಕಿಯೇ ಬಂದು ಅವನ ಎರಡೂ ಕೈಗಳನ್ನು ಹಿಡಿದುಕೊಂಡಳು. ಅವಳ ಕಣ್ಣು ತುಂಬಿತ್ತು.

“ಇಂಚರ ಎಲ್ಲವನ್ನೂ ಹೇಳಿದ್ದಾಳೆ. ಆ ಅಪ್ಪನ ಕಣ್ಣು ತಪ್ಪಿಸಿ ಪ್ರತಿ ಶನಿವಾರ ಇವಳನ್ನು ಕರೆತರುತ್ತಿದ್ದ ಡ್ರೈವರ್ ನೀವೇ ಅಲ್ಲವೇ?”