ಪುಟ್ತಾಯಕ್ಕನ ಮಿಷನ್ನು

ನಮ್ಮ ಗಾರ್ಮೆಂಟ್ಸ್‌ನಲ್ಲಿ ಗೌರಿಹಬ್ಬದ ದಿನ ದೇವರನ್ನು ನಂಬುವವರು ಪೆಡಲ್ ಒತ್ತಿದರೆ ಹೊಲಿಗೆ ಮಿಷನ್ನು ಓಡುವುದಿಲ್ಲ, ಅವರಿಗೆ ರಜೆ. ನಂಬದ ನಾನು ಪ್ರತಿವರ್ಷ ಹೊಲಿಯುತ್ತೇನೆ. ಈ ಸಲ ಅಮ್ಮನಿಗೆ ಹುಷಾರಿಲ್ಲ, ಬಾಗಿನ ಇಟ್ಟುಕೊಂಡು ಕಾಯುತ್ತಿದ್ದಾಳೆ. ಅದಕ್ಕೇ ಕದ್ದು ನನ್ನ ಮಿಷನ್ನಿನ ಬೆಲ್ಟು ಕಳಚಿಟ್ಟಿದ್ದೆ.

ಸೂಪರ್‌ವೈಸರ್ ಮುಂದಿನ ಸಾಲು ಪರೀಕ್ಷಿಸುತ್ತಿದ್ದರು. ದಿನಾ ಮಿಷನ್ನಿಗೂ ಕುಂಕುಮ ಇಡುವ ಪಕ್ಕದ ಪುಟ್ತಾಯಕ್ಕ ನನ್ನ ಕೈ ಹಿಡಿದಳು.

"ಈಗ ಒತ್ತಿ ನೋಡ್ದೆ. ನಂದು ಓಡ್ತಿದೆ ಕಣೆ! ಗೊತ್ತಾದ್ರೆ ಅತ್ತೆ ಮನೆಗೆ ಸೇರಿಸಲ್ಲ."

"ಅಕ್ಕಾ, ಬೇಗ ನನ್ನ ಜಾಗಕ್ಕೆ ಬಾ. ಇದು ಓಡಲ್ಲ."

ಸೂಪರ್‌ವೈಸರ್ ಬಂದರು. ಅವಳು ಒತ್ತಿದಳು, ಸೂಜಿ ಅಲ್ಲಾಡಲಿಲ್ಲ. "ಹೊರಡಮ್ಮ" ಎಂದರು. ನಾನು ಅವಳ ಮಿಷನ್ನು ಒತ್ತಿದೆ, ಗರಗರ ಓಡಿತು.

"ನಿನಗೆಲ್ಲಿಯ ಹಬ್ಬ!" ಎಂದು ನಕ್ಕರು.

ಹೊರಡುವಾಗ ಪುಟ್ತಾಯಕ್ಕ ಬಗ್ಗಿ ಪಿಸುಗುಟ್ಟಿದಳು: "ನಿಮ್ಮಮ್ಮನ ಬಾಗಿನ ನಾನೇ ಇಸ್ಕೊಂಡು ಬರ್ತೀನಿ."