ರಿಸಾಲ್ವ್ ಆದ ಮೇಲೂ

"ಸಿಹಿ ಎಲ್ಲಿ ಅಮ್ಮಾ?" ಇಂಟರ್‌ವ್ಯೂ ಮುಗಿಸಿ ಬಂದು ಬಾಗಿಲಲ್ಲಿ ನಿಂತವಳನ್ನು ಮೇಷ್ಟ್ರು ಕೂತಲ್ಲಿಂದಲೇ ಕೇಳಿದರು.

"ಕೆಲಸ ಸಿಗಲಿಲ್ಲ ಸರ್."

ತರಬೇತಿ ಕೇಂದ್ರದಲ್ಲಿ ಜಾವಾಸ್ಕ್ರಿಪ್ಟ್ ಕಲಿಸುವ ಮೇಷ್ಟ್ರಿಗೆ ಅದು ನಂಬುವ ಮಾತಾಗಿರಲಿಲ್ಲ. ಹೊಲಿಗೆ ಮೆಷಿನ್ ತುಳಿದೂ ತುಳಿದೂ ಮೊಣಕಾಲು ಸೋತ ಮೇಲೆ, ನಲವತ್ತು ದಾಟಿ ಕೋಡಿಂಗ್ ಕಲಿಯಲು ಬಂದ ಈಕೆ ಇಡೀ ಬ್ಯಾಚಿಗೇ 'ಟೈಲರಕ್ಕ'. ಕಲಿಕೆಯಲ್ಲಿ ಎಲ್ಲರಿಗಿಂತ ಒಂದು ಕೈ ಮೇಲು. ಈ ಕೆಲಸವೊಂದು ಸಿಕ್ಕರೆ ಇನ್ನು ಮೆಷಿನ್ ತುಳಿಯುವುದಿಲ್ಲ ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡಿದ್ದಳು, ಪಾಪ.

"ಎಲ್ಲಿ ಎಡವಿದ್ರಿ?"

"ಪ್ರಾಮಿಸ್ ಪ್ರಶ್ನೇಲಿ." ಫಲವನ್ನು ಆಮೇಲೆ ಕೊಡುತ್ತೇನೆಂದು ಪ್ರೋಗ್ರಾಂ ಕೊಡುವ ಮಾತಿಗೆ ಜಾವಾಸ್ಕ್ರಿಪ್ಟಿನಲ್ಲಿ ಪ್ರಾಮಿಸ್ ಎನ್ನುತ್ತಾರೆ. "ರಿಸಾಲ್ವ್ ಆಯ್ತು ಅಂದ್ರೆ ಫುಲ್‌ಫಿಲ್ ಆಯ್ತು ಅಂತಾನಾ ಅಂದ್ರು. ಹೌದು, ಎರಡೂ ಒಂದೇ, ಕೆಲಸ ಮುಗಿದು ಫಲ ಕೈಗೆ ಬಂತು ಅಂತ ಅರ್ಥ ಅಂದೆ. ತಪ್ಪು ಅಂದ್ರು."

"ಅವರಿಗೇನು ತಲೆ ನೆಟ್ಟಗಿದೆಯಾ? ಎಂಟು ವರ್ಷದಿಂದ ಹೇಳಿಕೊಡ್ತಿದ್ದೀನಿ ನಾನು! ಅವರು ಕೊಟ್ಟ ಉದಾಹರಣೆ ಹೇಳಿ, ನೋಡೇಬಿಡೋಣ."

ಮೇಷ್ಟ್ರು ಕೀಬೋರ್ಡ್ ಎಳೆದುಕೊಂಡರು. ಆಕೆ ಹೇಳಿದಂತೆ, ಒಂದು ಪ್ರಾಮಿಸನ್ನು ಇನ್ನೂ ಮುಗಿಯದ ಮತ್ತೊಂದು ಪ್ರಾಮಿಸಿಗೆ ಒಪ್ಪಿಸಿ ರಿಸಾಲ್ವ್ ಮಾಡಿದರು. ತೆರೆಯ ಮೇಲೆ ಫುಲ್‌ಫಿಲ್ ಬದಲು 'ಪೆಂಡಿಂಗ್' ಎಂದು ಬಂತು. ಕನ್ನಡಕ ಒರೆಸಿಕೊಂಡು ಮತ್ತೆ ಓಡಿಸಿದರು. ಮತ್ತೆ ಅದೇ. ಕಂಪ್ಯೂಟರಿಗೆ ಯಾರ ಮುಲಾಜೂ ಇಲ್ಲ, ಮೇಷ್ಟ್ರದ್ದಂತೂ ಇಲ್ಲವೇ ಇಲ್ಲ.

"ಅಂಗಡೀಲೂ ಹೀಗೇ ಸರ್," ಎಂದಳು ಆಕೆ ಮೆಲ್ಲಗೆ. "ಗಿರಾಕಿ ಬಟ್ಟೇನ ನಾನು ಇನ್ನೊಬ್ಬ ಟೈಲರಿಗೆ ವಹಿಸಿಬಿಟ್ರೆ ನನ್ನ ಕಡೆಯಿಂದ ತೀರ್ಮಾನ ಆಗಿಹೋಯ್ತು, ಅದು ರಿಸಾಲ್ವ್. ಆದ್ರೆ ಅವರು ಹೊಲಿಯೋ ತನಕ ಬಟ್ಟೆ ಪೆಂಡಿಂಗೇ. ಹೊಲಿದು ಕೊಟ್ರೆ ಫುಲ್‌ಫಿಲ್, ಕೆಡಿಸಿದ್ರೆ ರಿಜೆಕ್ಟ್."

ಎಂಟು ವರ್ಷದ ಬ್ಯಾಚುಗಳೆಲ್ಲ ಮೇಷ್ಟ್ರ ಕಣ್ಣ ಮುಂದೆ ಹಾದುಹೋದವು.

"ಇಷ್ಟು ಚೆನ್ನಾಗಿ ಗೊತ್ತಿದ್ದೂ ಅಲ್ಲಿ ಯಾಕಮ್ಮಾ ಹೇಳಲಿಲ್ಲ?"

ಆಕೆ ಬ್ಯಾಗಿನ ಜಿಪ್ಪನ್ನು ಎಳೆಯುತ್ತ, ತಪ್ಪೆಲ್ಲ ತನ್ನದೇ ಎಂಬಂತೆ ನಕ್ಕಳು.

"ಹೋದ ತಿಂಗಳ ಟೆಸ್ಟಲ್ಲಿ ಇದನ್ನೇ ಬರೆದಿದ್ದೆ ಸರ್. ನೀವು ಸೊನ್ನೆ ಹಾಕಿದ್ರಿ. ಮೇಷ್ಟ್ರಿಗೆ ಗೊತ್ತಿಲ್ದೇ ಇರುತ್ತಾ ಅಂತ, ನಿಮ್ಮ ಉತ್ತರಾನೇ ಬಾಯಿಪಾಠ ಮಾಡ್ಕೊಂಡು ಹೋದೆ."